ಧಾರವಾಡದಿಂದ ಸ್ಪ್ಯಾನಿಷ್ ಬಿಎ: ಪಿಯುಸಿ ಮುಗಿಸುವವರಿಗೆ ಸಮಗ್ರ ಮಾರ್ಗದರ್ಶಿ

ಸ್ಪ್ಯಾನಿಷ್ ಮಾತಾಡಲು ಕಲಿಯುವುದು ಬೇರೆ, ಸ್ಪ್ಯಾನಿಷ್‌ನಲ್ಲಿ ಬಿಎ ಮಾಡುವುದು ಬೇರೆ. ಮಾತಿಗೆ ಒಂದು ಮೊಬೈಲ್ ಆ್ಯಪ್, ಒಂದಿಷ್ಟು ಆನ್‌ಲೈನ್ ಕ್ಲಾಸು ಸಾಕಾಗಬಹುದು. ಬಿಎ ಅಂದರೆ ವ್ಯಾಕರಣ, ಅನುವಾದ, ಸ್ಪೇನಿನ ಇತಿಹಾಸ, ಲ್ಯಾಟಿನ್ ಅಮೆರಿಕದ ಇತಿಹಾಸ, ಅದರ ಮೇಲೆ ಎಂಟು ನೂರು ವರ್ಷಗಳ ಸಾಹಿತ್ಯ. ಸುಮಾರು ಜನ ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಸೇರುತ್ತಾರೆ. ಎರಡನೆಯದು ಎದುರಾದಾಗ ಕಂಗಾಲಾಗುತ್ತಾರೆ.

ಈ ಬರಹ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಪಿಯುಸಿ ಹುಡುಗ-ಹುಡುಗಿಯರಿಗೆ. ಅವರ ಮನೆಯವರೂ ಓದಬಹುದು. ನಾನು ಹೇಳಲು ಹೊರಟಿದ್ದು ಮುಖ್ಯವಾಗಿ ಇಷ್ಟು: ಕನ್ನಡ ಗಟ್ಟಿಯಿರುವವರು ಸ್ಪ್ಯಾನಿಷ್ ಅನ್ನು ಇಂಗ್ಲಿಷ್ ಮೂಲಕ ಕಲಿಯಬೇಕಾಗಿಲ್ಲ. ಕನ್ನಡ ಹಿಡಿದು ಹೊರಟರೆ ವ್ಯಾಕರಣ ಬೇಗ ಹತ್ತುತ್ತದೆ, ಸಾಹಿತ್ಯವೂ ಪರಕೀಯ ಅನಿಸುವುದಿಲ್ಲ.

ಹಂತ 1: ಊರು ಬಿಡುವ ಮೊದಲು ಮನೆಯಲ್ಲೇ ಕಲಿತು ನೋಡಿ

ಸ್ಪ್ಯಾನಿಷ್ ಬಿಎ ಬೇಕೆಂದರೆ ನಮ್ಮ ಕಡೆಯವರು ಊರು ಬಿಡಲೇಬೇಕು. ಹಾಸ್ಟೆಲ್, ಊಟ, ಓಡಾಟ ಎಲ್ಲದರ ಖರ್ಚೂ ಬರುತ್ತದೆ. ಬಿಎ ತರಗತಿ ಅ-ಆ-ಇ-ಈ ಇಂದಲೇ ಶುರುವಾಗುತ್ತದೆ, ಮೊದಲೇ ಸ್ಪ್ಯಾನಿಷ್ ಬರಬೇಕೆಂಬ ನಿಯಮವಿಲ್ಲ. ಆದರೂ ನಾಲ್ಕೈದು ತಿಂಗಳು ಮನೆಯಲ್ಲಿ ಕಲಿತು ನೋಡುವುದು ಒಳ್ಳೆಯದು. ಇಷ್ಟವಾಗದಿದ್ದರೆ ಅಲ್ಲಿಗೇ ಬಿಡಬಹುದು, ಮನೆಯವರ ದುಡ್ಡೂ ಉಳಿಯುತ್ತದೆ. ಕ್ರಮವಾಗಿ ಕಲಿಯಬೇಕು, ಸರ್ಟಿಫಿಕೇಟೂ ಬೇಕು ಅನ್ನುವವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ದೂರಶಿಕ್ಷಣದಲ್ಲಿ ಸ್ಪ್ಯಾನಿಷ್ ಸರ್ಟಿಫಿಕೇಟ್ ಕೋರ್ಸ್ ಇದೆ.

ಮೊದಲ ತಿಂಗಳು ಬರೀ ಉಚ್ಚಾರಣೆಗೆ ಕೊಡಿ. ಇಲ್ಲಿ ಕನ್ನಡದವರಿಗೆ ದೊಡ್ಡ ಅನುಕೂಲವಿದೆ. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ: ಅ, ಎ, ಇ, ಒ, ಉ. ಬರೆದ ಹಾಗೆ ಓದುವುದು, ಇಂಗ್ಲಿಷ್‌ನ ಹಾಗೆ ಒಂದೇ ಅಕ್ಷರ ನಾಲ್ಕು ವೇಷ ಹಾಕುವುದಿಲ್ಲ. ಇಂಗ್ಲಿಷ್ ಅಭ್ಯಾಸದಿಂದ ನಾವು ಟ, ಡ ಅನ್ನುವ ಕಡೆ ಸ್ಪ್ಯಾನಿಷ್‌ನಲ್ಲಿ ಇರುವುದು ತ, ದ. ಟೊಮ್ಯಾಟೊ ಅಲ್ಲ, ತೊಮಾತೆ. ನಾಲಿಗೆ ಹಲ್ಲಿಗೆ ತಾಗಬೇಕು. ಇಂಗ್ಲಿಷ್ ಮಾತ್ರ ಬಲ್ಲವರು ಇದಕ್ಕೆ ವರ್ಷಗಟ್ಟಲೆ ಒದ್ದಾಡುತ್ತಾರೆ. ನಮಗೆ ಅದು ಬಾಲವಾಡಿಯಲ್ಲೇ ಬಂದಿರುತ್ತದೆ.

ಪೆರೊ ಅಂದರೆ ಆದರೆ, ಪೆರ್ರೊ ಅಂದರೆ ನಾಯಿ. ಎರಡನೆಯದರಲ್ಲಿ ರ ಕಾರ ಚೆನ್ನಾಗಿ ಉರುಳಬೇಕು. ಒತ್ತಕ್ಷರದ ಅಭ್ಯಾಸ ಇರುವ ನಮಗೆ ಇದೂ ಕಷ್ಟವಲ್ಲ. ಞ ಅಕ್ಷರವನ್ನು ಕನ್ನಡದಲ್ಲಿ ಹೆಚ್ಚು ಬಳಸುವುದಿಲ್ಲ, ಅಲ್ವಾ? ಅಲ್ಲಿ ಅದು ದೇಶದ ಹೆಸರಿನಲ್ಲೇ ಇದೆ: ಎಸ್ಪಾಞಾ. ಇನ್ನು ಹೋತಾ (j) ಎಂಬ ಅಕ್ಷರದ ಧ್ವನಿ ಗಂಟಲಿನಿಂದ ಬರುತ್ತದೆ. ಹುಬ್ಬಳ್ಳಿಯ ಉರ್ದು ಮಾತಾಡುವ ಗೆಳೆಯರು ಖಬರ್, ಖರ್ಚ್ ಅನ್ನುವಾಗ ಖ ಹೇಗೆ ಬರುತ್ತದೆ ಕೇಳಿಸಿಕೊಳ್ಳಿ. ಸ್ಪೇನಿನ ಹೋತಾ ಅದಕ್ಕೆ ತೀರಾ ಹತ್ತಿರ. ಲ್ಯಾಟಿನ್ ಅಮೆರಿಕದ ಹಲವು ಕಡೆ ಅದು ಮೆದುವಾಗಿ ಹ ಆಗುತ್ತದೆ.

ಶಬ್ದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ ಪಕ್ಕದಲ್ಲಿ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಬರೆದುಕೊಂಡರೆ ಇಂಗ್ಲಿಷ್ ಉಚ್ಚಾರಣೆಯೇ ಬಾಯಿಗೆ ಕೂರುತ್ತದೆ.

ಹಂತ 2: ಎಲ್ಲಿ ಓದುವುದು

ದೆಹಲಿಯ ಜೆಎನ್‌ಯುನಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್ ಮತ್ತು ಲ್ಯಾಟಿನ್ ಅಮೆರಿಕ ಅಧ್ಯಯನ ಕೇಂದ್ರವಿದೆ. ಬಿಎ ಆನರ್ಸ್‌ನಿಂದ ಪಿಎಚ್‌ಡಿವರೆಗೆ ಅಲ್ಲೇ ಓದಬಹುದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಜರ್ಮ್ಯಾನಿಕ್ ಮತ್ತು ರೊಮಾನ್ಸ್ ಅಧ್ಯಯನ ವಿಭಾಗ ಬಿಎ ಆನರ್ಸ್ ಸ್ಪ್ಯಾನಿಷ್ ನಡೆಸುತ್ತದೆ. ಅಲ್ಲಿ ಆನರ್ಸ್ ಈಗ 4 ವರ್ಷ, 3 ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಬರಲೂ ಅವಕಾಶವಿದೆ. ದೆಹಲಿಯದೇ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಜೊತೆಗೆ ಲ್ಯಾಟಿನ್ ಅಮೆರಿಕ ಅಧ್ಯಯನ ಸೇರಿದೆ. ಡೆಹ್ರಾಡೂನ್‌ನ ದೂನ್ ವಿಶ್ವವಿದ್ಯಾಲಯದಲ್ಲೂ ಸ್ಪ್ಯಾನಿಷ್ ಇದೆ.

ನಮಗೆ ಹತ್ತಿರದ್ದು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ಎಲ್ಲರೂ ಅದನ್ನು ಇಫ್ಲು ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಹೈದರಾಬಾದ್. ಹಬ್ಬಕ್ಕೆ ಊರಿಗೆ ಬರುವುದು ಸುಲಭ, ಊಟವೂ ತೀರಾ ಬೇರೆ ಅಲ್ಲ. ಮೊದಲ ಬಾರಿ ಮನೆ ಬಿಡುವವರಿಗೆ ನಾನು ಇಫ್ಲುವನ್ನೇ ಮೊದಲು ಹೇಳುತ್ತೇನೆ. ಸಾಹಿತ್ಯದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆ ಈಗಲೇ ಇದ್ದರೆ ಜೆಎನ್‌ಯು.

ಇನ್ನೊಂದು ದಾರಿಯೂ ಉಂಟು. ಇಲ್ಲೇ ಧಾರವಾಡದಲ್ಲಿ ಕನ್ನಡ, ಇಂಗ್ಲಿಷ್ ಅಥವಾ ಇತಿಹಾಸದಲ್ಲಿ ಬಿಎ ಮಾಡುತ್ತಾ, ಪಕ್ಕದಲ್ಲಿ ಸ್ಪ್ಯಾನಿಷ್ ಅನ್ನು ಬಿ1, ಬಿ2 ಮಟ್ಟಕ್ಕೆ (ಎ1ರಿಂದ ಸಿ2ವರೆಗಿನ ಆರು ಭಾಷಾ ಹಂತಗಳಲ್ಲಿ ನಡುವಿನವು) ತಂದುಕೊಂಡು ಎಂಎಗೆ ಹೊರಗೆ ಹೋಗುವುದು. ನಿಧಾನದ ದಾರಿ, ಶಿಸ್ತು ಜಾಸ್ತಿ ಬೇಕು. ಎಂಎ ಅರ್ಹತೆಯ ನಿಯಮ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಮೊದಲೇ ಓದಿಕೊಳ್ಳಿ. ಮನೆ ಬಿಡಲು ಆಗದ ಹೆಣ್ಣುಮಕ್ಕಳಿಗೆ ಇದು ಉಪಯೋಗಕ್ಕೆ ಬರುತ್ತದೆ.

ಹಂತ 3: ಅರ್ಜಿ ಮತ್ತು ಕಾಗದಪತ್ರ

ಕೇಂದ್ರೀಯ ವಿಶ್ವವಿದ್ಯಾಲಯಗಳ ಬಿಎ ಪ್ರವೇಶಕ್ಕೆ ಸಾಮಾನ್ಯವಾಗಿ ಸಿಯುಇಟಿ ಎಂಬ ದೇಶವ್ಯಾಪಿ ಪ್ರವೇಶ ಪರೀಕ್ಷೆ ಬರೆಯಬೇಕು. ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ. 2022ರಿಂದ ಈ ಪದ್ಧತಿ ಬಂದಿದೆ. ಪರೀಕ್ಷೆ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಇದೆ. ಅಂದರೆ ಸಾಮಾನ್ಯ ಸಾಮರ್ಥ್ಯದ ಪತ್ರಿಕೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಭಾಷಾ ಪತ್ರಿಕೆಯಾಗಿ ಇಂಗ್ಲಿಷ್ ಆರಿಸಿಕೊಳ್ಳುವುದು ಕ್ಷೇಮ, ಹೆಚ್ಚಿನ ಕಡೆ ಅದನ್ನೇ ಕೇಳುತ್ತಾರೆ. ಯಾವ ವಿಶ್ವವಿದ್ಯಾಲಯ ಯಾವ ಪತ್ರಿಕೆ ಕೇಳುತ್ತದೆ, ತನ್ನದೇ ಪ್ರವೇಶ ಪರೀಕ್ಷೆ ಇಡುತ್ತದೆಯೇ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಸೀನಿಯರ್‌ಗಳ ಮಾತು ಕೇಳಿ ಫಾರ್ಮ್ ತುಂಬಬೇಡಿ, ಆ ವರ್ಷದ ಪ್ರಾಸ್ಪೆಕ್ಟಸ್ ಓದಿ. ಸಿಯುಇಟಿ ಬರೆದ ಮೇಲೆ ಪ್ರತಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಮತ್ತೆ ಬೇರೆಯಾಗಿ ಅರ್ಜಿ ಹಾಕಬೇಕು. ಇದು ಗೊತ್ತಿಲ್ಲದೆ ಒಳ್ಳೆಯ ಅಂಕ ಬಂದರೂ ಸೀಟು ಕಳೆದುಕೊಂಡವರಿದ್ದಾರೆ.

ನಮ್ಮ ಕಡೆಯವರಿಗೆ ಜಾಸ್ತಿ ತೊಂದರೆ ಕೊಡುವುದು ಮೀಸಲಾತಿಯ ಸರ್ಟಿಫಿಕೇಟು. ಕರ್ನಾಟಕದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಯಾವುದೂ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನಡೆಯುವುದಿಲ್ಲ. ಅಲ್ಲಿ ಎಸ್‌ಸಿಗೆ ಶೇ. 15, ಎಸ್‌ಟಿಗೆ ಶೇ. 7.5, ಕೇಂದ್ರದ ಒಬಿಸಿಗೆ ಶೇ. 27, ಇಡಬ್ಲ್ಯೂಎಸ್‌ಗೆ, ಅಂದರೆ ಬೇರೆ ಮೀಸಲಾತಿ ಇಲ್ಲದ ಬಡ ಕುಟುಂಬಗಳಿಗೆ, ಶೇ. 10. ರಾಜ್ಯದ ಪಟ್ಟಿಯಲ್ಲಿ ಇರುವ ಎಲ್ಲ ಜಾತಿಗಳೂ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇಲ್ಲ. ಮೊದಲು ನಿಮ್ಮ ಜಾತಿ, ಉಪಜಾತಿಯ ಹೆಸರು ಆ ಪಟ್ಟಿಯಲ್ಲಿ ಇದೆಯೇ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ ಒಬಿಸಿ ಸರ್ಟಿಫಿಕೇಟ್ ಬೇಕೆಂದು ನಾಡಕಚೇರಿಯಲ್ಲಿ ಸ್ಪಷ್ಟವಾಗಿ ಕೇಳಿ. ಸುಮ್ನೆ ಜಾತಿ-ಆದಾಯ ಪತ್ರ ತಂದರೆ ಆಗುವುದಿಲ್ಲ. ಕೆನೆಪದರ ಅಂದರೆ ಒಬಿಸಿಯಲ್ಲೇ ಮೀಸಲಾತಿ ಸಿಗದ ಅನುಕೂಲಸ್ಥರು. ಅದರ 8 ಲಕ್ಷದ ಆದಾಯ ಮಿತಿಯಲ್ಲಿ ಸಂಬಳ ಮತ್ತು ಬೇಸಾಯದ ಆದಾಯ ಲೆಕ್ಕಕ್ಕೆ ಬರುವುದಿಲ್ಲ. ಗದಗ, ಹಾವೇರಿಯ ರೈತರ ಮನೆಗಳಿಗೆ ಇದು ಮುಖ್ಯ.

ಇಡಬ್ಲ್ಯೂಎಸ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಬೇಸಾಯದ ಆದಾಯವೂ ಸೇರುತ್ತದೆ. ಕುಟುಂಬಕ್ಕೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಜಮೀನಿದ್ದರೆ ಅದು ಸಿಗುವುದೇ ಇಲ್ಲ. ಮಳೆ ನಂಬಿದ ಎರೆ ಹೊಲ ಆರು ಎಕರೆ ಇದ್ದವರು ಶ್ರೀಮಂತರೇನಲ್ಲ, ಆದರೂ ನಿಯಮ ಹಾಗಿದೆ. ಎರಡೂ ಸರ್ಟಿಫಿಕೇಟು ಆ ಆರ್ಥಿಕ ವರ್ಷದ್ದೇ ಆಗಿರಬೇಕು ಎಂದು ಸಾಮಾನ್ಯವಾಗಿ ಕೇಳುತ್ತಾರೆ, ಅಂದರೆ ಏಪ್ರಿಲ್ ನಂತರ ಮಾಡಿಸಿದ್ದು.

ಪಿಯುಸಿ ಅಂಕಪಟ್ಟಿ, ಟಿಸಿ, ಪಿಯು ಬೋರ್ಡಿನ ಮೈಗ್ರೇಶನ್ ಸರ್ಟಿಫಿಕೇಟ್ ಕೂಡ ಬೇಕು. ಅಂಕಪಟ್ಟಿ, ಆಧಾರ್, ಜಾತಿ ಪತ್ರ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳಿ. ನಮ್ಮಲ್ಲಿ ಅಡ್ಡಹೆಸರು ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ ಇರುವುದು ಸಾಮಾನ್ಯ.

ಹಂತ 4: ಮೊದಲ ವರ್ಷ, ಕನ್ನಡ ವ್ಯಾಕರಣ ಕೈಯಲ್ಲಿರಲಿ

ಮೊದಲ ವರ್ಷ ದಿನಕ್ಕೆ ಹಲವು ಗಂಟೆ ಭಾಷೆಯದೇ ಪಾಠ. ಬೇಗನೇ ಕ್ಲಾಸು ಪೂರ್ತಿ ಸ್ಪ್ಯಾನಿಷ್‌ಗೆ ತಿರುಗುತ್ತದೆ. ಕನ್ನಡ ಮಾಧ್ಯಮದವರು ಇಲ್ಲಿ ಹೆದರುವುದು ಸ್ಪ್ಯಾನಿಷ್‌ಗಲ್ಲ, ಅದನ್ನು ವಿವರಿಸುವ ಇಂಗ್ಲಿಷ್‌ಗೆ. ವಿವರಣೆಯನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವ ರೂಢಿ ಮಾಡಿಕೊಳ್ಳಿ. ಎಷ್ಟೋ ಕಡೆ ಅದು ಹೆಚ್ಚು ಸರಳವಾಗುತ್ತದೆ.

ಉದಾಹರಣೆಗೆ, ಮೆ ಗುಸ್ತಾ ಎಲ್ ಕಫೆ. ಪದಕ್ಕೆ ಪದ ಇಟ್ಟರೆ ನನಗೆ ಇಷ್ಟವಾಗುತ್ತದೆ ಕಾಫಿ. ಇಂಗ್ಲಿಷ್‌ನಲ್ಲಿ ನಾನು ಕರ್ತೃ, ಸ್ಪ್ಯಾನಿಷ್‌ನಲ್ಲೂ ಕನ್ನಡದಲ್ಲೂ ಕಾಫಿ ಕರ್ತೃ, ನಾನು ಚತುರ್ಥಿ. ಮಾವಿನಹಣ್ಣು ಹಲವಾದರೆ ಮೆ ಗುಸ್ತಾನ್ ಲೊಸ್ ಮಾಂಗೊಸ್. ಕನ್ನಡದಲ್ಲೂ ಇಷ್ಟವಾಗುತ್ತವೆ ಎಂದು ಬಹುವಚನ ಬರುತ್ತದಲ್ಲ, ಹಾಗೇ. ತಲೆ ನೋವಿಗೂ ಅದೇ ಕಟ್ಟು: ಮೆ ದುಯೆಲೆ ಲಾ ಕಬೆಸಾ, ನನಗೆ ತಲೆ ನೋಯುತ್ತದೆ. ಇಂಗ್ಲಿಷ್ ಮೂಲಕ ಬಂದವರಿಗೆ ಇದೊಂದು ದೊಡ್ಡ ಪಾಠ. ನಿಮಗೆ ಒಂದು ಮಧ್ಯಾಹ್ನದ ಕೆಲಸ.

ಕ್ರಿಯಾಪದದ ಕೊನೆಯೇ ಯಾರು ಎಂದು ಹೇಳುತ್ತದೆ. ಆಬ್ಲೊ ಅಂದರೆ ಮಾತಾಡುತ್ತೇನೆ, ಆಬ್ಲಾಸ್ ಅಂದರೆ ಮಾತಾಡುತ್ತೀಯ. ನಾನು, ನೀನು ಅನ್ನುವುದನ್ನು ಬಿಟ್ಟರೂ ನಡೆಯುತ್ತದೆ. ತು ಎಂದರೆ ನೀನು, ಉಸ್ತೆದ್ ಎಂದರೆ ನೀವು. ಯಾರಿಗೆ ಬರ್ರಿ, ಯಾರಿಗೆ ಬಾ ಎಂಬ ಸೂಕ್ಷ್ಮ ಧಾರವಾಡದವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಊರೂರಿಗೆ ಬದಲಾಗುತ್ತದೆ ಎಂಬುದನ್ನು ನೆನಪಿಡಿ. ಕೊಲಂಬಿಯಾದ ಬೊಗೊತಾದಲ್ಲಿ ಮನೆಯವರೇ ಪರಸ್ಪರ ಉಸ್ತೆದ್ ಅನ್ನುವುದುಂಟು. ಅರ್ಜೆಂಟೀನಾದಲ್ಲಿ ತು ಬದಲು ಬೊಸ್ ಬಳಸುತ್ತಾರೆ.

ಭೂತಕಾಲ ಎರಡು ಬಗೆ. ಕೊಮೀ ಅಂದರೆ ತಿಂದೆ, ಕೊಮೀಆ ಅಂದರೆ ತಿನ್ನುತ್ತಿದ್ದೆ. ಶುರುವಿಗೆ ಈ ಹೊಂದಿಕೆ ಸಾಕು. ಎಲ್ಲರೂ ನಡುಗುವ ಸಬ್‌ಜಂಕ್ಟಿವ್ ಎಂಬ ಕ್ರಿಯಾರೂಪ ಕೂಡ ನಮಗೆ ಅಪರಿಚಿತವಲ್ಲ. ಕಿಯೆರೊ ಕೆ ಬೆಂಗಾಸ್, ನೀನು ಬರಲಿ ಅಂತ ನನಗೆ ಆಸೆ. ಕಿಸಾಸ್ ಯುಯೆಬಾ, ಮಳೆ ಬಂದೀತು. ಬರಲಿ, ಬಂದೀತು, ಬಂದಾನು ಎಂಬ ರೂಪಗಳಲ್ಲಿ ಇರುವ ಆಸೆ, ಅನುಮಾನಗಳೇ ಅಲ್ಲಿಯೂ ಬೇರೆ ರೂಪ ಕೇಳುತ್ತವೆ.

ಕನ್ನಡ ಕೈಕೊಡುವ ಜಾಗಗಳೂ ಇವೆ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಹಿಂದಿ, ಮರಾಠಿ ಬರುವವರಿಗೆ ಈ ಪಜೀತಿ ಗೊತ್ತು. ಪ್ರತಿ ನಾಮಪದವನ್ನೂ ಎಲ್ (ಗಂಡು) ಅಥವಾ ಲಾ (ಹೆಣ್ಣು) ಸೇರಿಸಿಯೇ ಬಾಯಿಪಾಠ ಮಾಡಿ. ಕೈ ಎಂಬ ಅರ್ಥದ ಮಾನೊ ಒ ಕಾರದಲ್ಲಿ ಮುಗಿದರೂ ಲಾ, ಪ್ರೊಬ್ಲೆಮಾ ಅ ಕಾರದಲ್ಲಿ ಮುಗಿದರೂ ಎಲ್. ಪೋರ್ ಮತ್ತು ಪಾರಾ (ಎರಡಕ್ಕೂ ಹೆಚ್ಚುಕಡಿಮೆ ಗಾಗಿ, ಗೋಸ್ಕರ ಎಂಬ ಅರ್ಥ) ನಡುವಿನ ವ್ಯತ್ಯಾಸ ನಿಯಮ ಓದಿ ಬರುವುದಿಲ್ಲ, ವಾಕ್ಯಗಳನ್ನು ಓದಿಯೇ ಬರಬೇಕು. ನಾವು ನಿನ್ನೆ ಬಂದ ಹುಡುಗ ಅಂದರೆ ಅವರು ಹುಡುಗನನ್ನು ಮೊದಲು ಹೇಳಿ ಆಮೇಲೆ ವಿವರ ಸೇರಿಸುತ್ತಾರೆ. ಉದ್ದ ವಾಕ್ಯಗಳಲ್ಲಿ ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಅದಕ್ಕೆ ಮದ್ದು: ದಿನಾ ಸ್ಪ್ಯಾನಿಷ್ ಪತ್ರಿಕೆಯ ಒಂದು ಪ್ಯಾರಾ ತೆಗೆದುಕೊಂಡು ಕನ್ನಡಕ್ಕೆ ಇಳಿಸಿ, ಮರುದಿನ ನಿಮ್ಮ ಕನ್ನಡದಿಂದ ಮತ್ತೆ ಸ್ಪ್ಯಾನಿಷ್‌ಗೆ ಏರಿಸಿ, ಮೂಲದ ಜೊತೆ ಹೋಲಿಸಿ.

ನಿಘಂಟಿಗೆ ಸ್ಪ್ಯಾನಿಷ್ ಅಕಾಡೆಮಿಯ ಜಾಲತಾಣ ಬಳಸಿ, ಉಚಿತವಾಗಿದೆ. ಆ ಅಕಾಡೆಮಿ ಶುರುವಾದದ್ದು 1713ರಲ್ಲಿ. ಅರ್ಥ ಸ್ಪ್ಯಾನಿಷ್‌ನಲ್ಲೇ ಇರುವುದರಿಂದ ಮೊದಲು ಕಷ್ಟ, ಆರು ತಿಂಗಳ ಮೇಲೆ ಅದೇ ಸುಲಭ.

ಹಂತ 5: ಸಾಹಿತ್ಯ

ಇಲ್ಲಿಗೆ ಬಂದಾಗ ಅರ್ಧ ತರಗತಿಯ ಮುಖ ಬಾಡುತ್ತದೆ. ಪಠ್ಯಕ್ರಮ ಸಾಮಾನ್ಯವಾಗಿ ಮಧ್ಯಯುಗದಿಂದ ಶುರುವಾಗಿ ಇಂದಿಗೆ ಬರುತ್ತದೆ. ನೀವು ನಿಮ್ಮ ಪಾಡಿಗೆ ಉಲ್ಟಾ ಓದಿ. ಮೊದಲ ವರ್ಷದ ರಜೆಯಲ್ಲೇ 20ನೇ ಶತಮಾನದ ಸಣ್ಣಕಥೆ ಹಿಡಿಯಿರಿ. ಮೆಕ್ಸಿಕೋದ ಹುವಾನ್ ರುಲ್ಫೊ 1953ರಲ್ಲಿ ಒಂದು ಕಥಾಸಂಕಲನ, 1955ರಲ್ಲಿ ಒಂದು ಪುಟ್ಟ ಕಾದಂಬರಿ ತಂದ. ಸಣ್ಣ ವಾಕ್ಯಗಳು, ರೈತರ ಮಾತು, ಒಣಭೂಮಿ, ಜನ ಬಿಟ್ಟುಹೋದ ಊರು. ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ ದುಡಿಯಲು ಹೋದವರ ಮನೆಗಳ ಬೀಗ ನೋಡಿದವರಿಗೆ ಈ ಕಥೆಗಳಿಗೆ ಟಿಪ್ಪಣಿ ಬೇಡ. ಕೊಲಂಬಿಯಾದ ಗಾರ್ಸಿಯಾ ಮಾರ್ಕೆಸ್‌ನ ದೊಡ್ಡ ಕಾದಂಬರಿ ಆಮೇಲೆ.

ಕಾವ್ಯಕ್ಕೆ ಸ್ಪೇನಿನ ಕವಿ ಲೋರ್ಕಾನಿಂದ ಶುರುಮಾಡಿ. ಅವನು ಹುಟ್ಟಿದ್ದು 1898ರಲ್ಲಿ, ನಮ್ಮ ಬೇಂದ್ರೆ 1896ರಲ್ಲಿ. ಒಬ್ಬ ದಕ್ಷಿಣ ಸ್ಪೇನಿನ ಆಂದಲೂಸಿಯಾದ ಜನಪದ ಹಾಡಿನ ಲಯ ಹಿಡಿದ, ಇನ್ನೊಬ್ಬರು ಧಾರವಾಡದ ಆಡುಮಾತಿನ ಲಯ ಹಿಡಿದರು. ಇಬ್ಬರಿಗೂ ಜನಪದ ಅಲಂಕಾರವಾಗಿರಲಿಲ್ಲ, ಅದೇ ಕವಿತೆಯ ಉಸಿರು. ಲೋರ್ಕಾನನ್ನು 1936ರಲ್ಲಿ, ಅಂತರ್ಯುದ್ಧ ಶುರುವಾದ ತಿಂಗಳುಗಳಲ್ಲೇ, ಕೊಂದರು. ಬೇಂದ್ರೆಯವರನ್ನು ಗಟ್ಟಿಯಾಗಿ ಓದಿ ಬೆಳೆದವರು ಲೋರ್ಕಾನನ್ನೂ ಗಟ್ಟಿಯಾಗಿಯೇ ಓದಬೇಕು. ಅರ್ಥ ಅರ್ಧ ತಿಳಿದರೂ ಪರವಾಗಿಲ್ಲ.

ಹಿಂದೆ ಸರಿದರೆ 16ನೇ ಶತಮಾನದ ಅನುಭಾವಿಗಳು ಸಿಗುತ್ತಾರೆ. ಸಾನ್ ಹುವಾನ್ ದೆ ಲಾ ಕ್ರುಸ್ ತೊಲೇದೊ ಊರಿನ ಸೆರೆಯಲ್ಲಿದ್ದಾಗ ಪದ್ಯ ಕಟ್ಟಿದವನು. ಅವನ ಪದ್ಯದಲ್ಲಿ ಜೀವ ಹೆಣ್ಣಾಗಿ, ದೇವರು ಪ್ರಿಯನಾಗಿ ಬರುತ್ತಾರೆ. ಬೇರೆ ರಾಜ್ಯದ ಸಹಪಾಠಿಗಳು ಇದೇನು ಶೃಂಗಾರವೋ ಭಕ್ತಿಯೋ ಎಂದು ತಲೆ ಕೆರೆದುಕೊಳ್ಳುವಾಗ, ಶರಣಸತಿ ಲಿಂಗಪತಿ ಎಂಬ ಮಾತು ಕೇಳಿದ ನಿಮಗೆ ದಾರಿ ಕಾಣುತ್ತದೆ. ಅವನ ಜೀವ, ಮನೆ ಸದ್ದಡಗಿದ ರಾತ್ರಿ ಹೊರಗೆ ಹೊರಡುತ್ತದೆ. ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫರು ಮನೆಯ ಮಾಳಿಗೆ ಸೋರುವುದನ್ನು ಹಾಡಿದರು. ಒಂದೇ ರೂಪಕ, ಎರಡು ಬೇರೆ ಮನಸ್ಸು. ಇಂಥ ಹೋಲಿಕೆ ಸೆಮಿನಾರ್ ಪೇಪರಿಗೆ ಒಳ್ಳೆಯ ವಸ್ತು. ಆದರೆ ಹೋಲಿಕೆ ಮಾಡಿ ನಿಲ್ಲಬೇಡಿ, ವ್ಯತ್ಯಾಸ ಎಲ್ಲಿ ಎಂದು ತೋರಿಸಿ. ಅಂಕ ಸಿಗುವುದು ಅದಕ್ಕೇ.

ಡಾನ್ ಕ್ವಿಕ್ಸೋಟ್ ಎಂದು ನಾವು ಕೇಳಿರುವ, ಸೆರ್ವಾಂತೆಸ್ ಬರೆದ ಕಾದಂಬರಿ ದೊನ್ ಕಿಹೋತೆ ಎರಡು ಭಾಗ: 1605 ಮತ್ತು 1615. ಇಡೀ ಪುಸ್ತಕವನ್ನು ಮೂಲದಲ್ಲಿ ಓದುವ ಹಟ ಬಿಎಯಲ್ಲಿ ಬೇಡ. ಪಾಠಕ್ಕಿರುವ ಅಧ್ಯಾಯಗಳನ್ನು ಟಿಪ್ಪಣಿ ಇರುವ ಆವೃತ್ತಿಯಲ್ಲಿ ಓದಿ, ಉಳಿದದ್ದನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ. ಹಳೆಯ ಕೃತಿಗಳು ಮಿಗೆಲ್ ದೆ ಸೆರ್ವಾಂತೆಸ್ ವರ್ಚುವಲ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ.

ಛಂದಸ್ಸು ಕಲಿಯದೆ ಪರೀಕ್ಷೆ ದಾಟಲು ಆಗುವುದಿಲ್ಲ. ಅಲ್ಲಿ ಮಾತ್ರೆ ಇಲ್ಲ, ಲಘು-ಗುರು ಇಲ್ಲ. ಎಣಿಸುವುದು ಉಚ್ಚಾರಾಂಶಗಳನ್ನು. ಒಂದು ಪದ ಸ್ವರದಲ್ಲಿ ಮುಗಿದು ಮುಂದಿನದು ಸ್ವರದಲ್ಲೇ ಶುರುವಾದರೆ ಎರಡೂ ಕೂಡಿ ಒಂದು. ಸಂಧಿ ಗೊತ್ತಿರುವ ನಮಗೆ ಇದು ಸಲೀಸು. ಸಾಲಿನ ಕೊನೆಯ ಪದದಲ್ಲಿ ಒತ್ತು ಕೊನೆಯ ಉಚ್ಚಾರಾಂಶದ ಮೇಲಿದ್ದರೆ ಒಂದು ಕೂಡಿಸಿ, ಕೊನೆಯಿಂದ ಎರಡನೆಯದರ ಮೇಲಿದ್ದರೆ ಹಾಗೇ ಬಿಡಿ, ಮೂರನೆಯದರ ಮೇಲಿದ್ದರೆ ಒಂದು ಕಳೆಯಿರಿ. ಕಿಹೋತೆಯ ಮೊದಲ ಪದಗಳನ್ನೇ ಎಣಿಸಿ ನೋಡಿ: ಎನ್-ಉನ್-ಲು-ಗಾರ್-ದೆ-ಲಾ-ಮಾನ್-ಚಾ. ಎಂಟು. ಗದ್ಯದ ಕಾದಂಬರಿ ಶುರುವಾಗುವುದೇ ಜನಪದ ಲಾವಣಿಯ ಎಂಟರ ನಡೆಯಲ್ಲಿ. ಆ ಲಾವಣಿಗಳಿಗೆ ಅಲ್ಲಿ ರೊಮಾನ್ಸೆ ಎನ್ನುತ್ತಾರೆ.

ಪರೀಕ್ಷೆಯ ಮುಖ್ಯ ಬಗೆ ಕೊಮೆಂತಾರಿಯೊ ದೆ ತೆಕ್ಸ್ತೊ. ಒಂದು ಪದ್ಯ ಅಥವಾ ಗದ್ಯಭಾಗ ಕೊಟ್ಟು ವಿವರಿಸಿ ಎನ್ನುತ್ತಾರೆ. ಮೊದಲು ಕೃತಿ ಯಾವುದು, ಯಾವ ಕಾಲದ್ದು, ಕೊಟ್ಟ ಭಾಗ ಅದರಲ್ಲಿ ಎಲ್ಲಿ ಬರುತ್ತದೆ ಎಂದು ಬರೆಯಬೇಕು. ಆಮೇಲೆ ವಸ್ತು ಒಂದೆರಡು ವಾಕ್ಯದಲ್ಲಿ. ಕಥೆ ಹೇಳುತ್ತಾ ಕೂರಬಾರದು. ನಂತರ ಕಟ್ಟಡ, ಅಂದರೆ ಎಷ್ಟು ಭಾಗ, ಎಲ್ಲಿ ತಿರುವು. ಬಳಿಕ ಭಾಷೆ ಮತ್ತು ಛಂದಸ್ಸು. ಇಲ್ಲಿ ಅಲಂಕಾರಗಳ ಹೆಸರು ಪಟ್ಟಿ ಮಾಡಿದರೆ ಪ್ರಯೋಜನವಿಲ್ಲ. ಆ ಅಲಂಕಾರ ಆ ಅರ್ಥಕ್ಕೆ ಏನು ಮಾಡಿತು ಎಂದು ಹೇಳಬೇಕು. ಅಂಕ ಹೋಗುವುದು ಹೆಚ್ಚಾಗಿ ಇಲ್ಲಿಯೇ. ವಾರಕ್ಕೊಂದು ಬರೆದು ಮೇಷ್ಟ್ರಿಗೆ ತೋರಿಸಿ. ಬೇಂದ್ರೆ ಪದ್ಯದ ಮೇಲೆ ಕನ್ನಡದಲ್ಲಿ ಒಂದು ಬರೆದು ನೋಡಿದರೆ ವಿಧಾನ ಬೇಗ ಕೈಗೆ ಬರುತ್ತದೆ.

ಇತಿಹಾಸಕ್ಕೆ ಕೆಲವು ಇಸವಿಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. 711ರಲ್ಲಿ ಸ್ಪೇನಿಗೆ ಮುಸ್ಲಿಂ ಸೇನೆ ಬಂತು. 1492ರಲ್ಲಿ ಅಲ್ಲಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾದಾ ಬಿತ್ತು, ಕೊಲಂಬಸ್ ಹೊರಟ. 1898ರಲ್ಲಿ ಕ್ಯೂಬಾ, ಫಿಲಿಪೀನ್ಸ್ ಕೈತಪ್ಪಿದವು. 1936ರಿಂದ 1939 ಅಂತರ್ಯುದ್ಧ, 1975ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಸತ್ತ. ಸಾಹಿತ್ಯದ ಅರ್ಧ ಪ್ರಶ್ನೆಗಳು ಇವುಗಳ ಸುತ್ತ ಸುತ್ತುತ್ತವೆ. 1492ರ ನಂತರದ ಕಥೆಗೆ ಬ್ಯಾಡಗಿ ಮೆಣಸಿನಕಾಯಿ ಸಾಕ್ಷಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು.

ಕೊನೆಯ ವರ್ಷದ ಪ್ರಬಂಧಕ್ಕೆ ವಸ್ತು ಹುಡುಕುವವರು ಭಾರತದ ನಂಟು ನೋಡಿ. ಮೆಕ್ಸಿಕೋದ ಕವಿ ಒಕ್ತಾವಿಯೊ ಪಾಸ್ 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೋ ರಾಯಭಾರಿಯಾಗಿದ್ದ, ತನ್ನ ದೇಶದಲ್ಲಿ ವಿದ್ಯಾರ್ಥಿಗಳ ಹತ್ಯೆಯಾದಾಗ ಆ ಹುದ್ದೆ ಬಿಟ್ಟ. ಟ್ಯಾಗೋರರನ್ನು ಸ್ಪ್ಯಾನಿಷ್‌ಗೆ ತಂದವಳು ಸೆನೋಬಿಯಾ ಕಾಂಪ್ರುಬಿ, 1956ರ ನೊಬೆಲ್ ಪಡೆದ ಕವಿ ಹುವಾನ್ ರಾಮೋನ್ ಹಿಮೇನೆಸ್‌ನ ಹೆಂಡತಿ.

ಹಂತ 6: ದೆಲೆ ಪರೀಕ್ಷೆ

ಡಿಗ್ರಿಯ ಜೊತೆ ದೆಲೆ (DELE) ಎಂಬ ಸ್ಪ್ಯಾನಿಷ್ ಭಾಷಾಮಟ್ಟದ ಸರ್ಟಿಫಿಕೇಟ್ ಇರಲಿ. ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆ ಕೊಡುವ ಇದು ಎ1ರಿಂದ ಸಿ2ವರೆಗೆ ಆರು ಹಂತ, ಒಮ್ಮೆ ಪಾಸಾದರೆ ಅವಧಿ ಮುಗಿಯುವುದಿಲ್ಲ. ಸಿಯೆಲೆ ಎಂಬ ಇನ್ನೊಂದು ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಅದರ ಫಲಿತಾಂಶ 5 ವರ್ಷ ಮಾತ್ರ. ದೆಲೆ ಬಿ2ನಲ್ಲಿ ಪತ್ರಿಕೆಗಳ ಎರಡು ಗುಂಪು (ಓದು-ಬರಹ ಒಂದು, ಕೇಳುವುದು-ಮಾತಾಡುವುದು ಇನ್ನೊಂದು), ಪ್ರತಿಯೊಂದಕ್ಕೂ 50ಕ್ಕೆ 30 ಬರಲೇಬೇಕು. ಒಂದರಲ್ಲಿ 45 ಬಂದು ಇನ್ನೊಂದರಲ್ಲಿ 28 ಬಂದರೆ ಫೇಲು. ಎ1, ಎ2ಗೆ ದುಡ್ಡು ಹಾಕಬೇಡಿ, ನೇರ ಬಿ2 ಬರೆಯಿರಿ. ದೆಹಲಿಯಲ್ಲಿ ಸಂಸ್ಥೆಯದೇ ಕೇಂದ್ರವಿದೆ.

ಹಂತ 7: ಮುಂದೇನು

"ಕನ್ನಡ ಎಂಎ ಮಾಡಿದವರಿಗೇ ನೌಕ್ರಿ ಇಲ್ಲ, ಇದನ್ನ ಮಾಡಿ ಏನ್ ಮಾಡ್ತಿ?" ಎಂದು ಕಾಕಾ, ಮಾವ ಕೇಳಿಯೇ ಕೇಳುತ್ತಾರೆ. ಬೆಂಗಳೂರು, ಹೈದರಾಬಾದ್, ಪುಣೆಯ ಕಂಪನಿಗಳಲ್ಲಿ ಸ್ಪ್ಯಾನಿಷ್ ಬಲ್ಲವರಿಗೆ ಗ್ರಾಹಕ ಸೇವೆ, ಲೆಕ್ಕಪತ್ರ, ಅನುವಾದದ ಕೆಲಸಗಳಿವೆ. ಅಲ್ಲಿ ಡಿಗ್ರಿಗಿಂತ ಮಾತು ಮತ್ತು ಬಿ2 ಸರ್ಟಿಫಿಕೇಟ್ ನೋಡುತ್ತಾರೆ. ಖಾಸಗಿ ಶಾಲೆಗಳಲ್ಲಿ ವಿದೇಶಿ ಭಾಷೆಯ ಶಿಕ್ಷಕರಾಗಬಹುದು. ಬರೀ ಸಂಬಳಕ್ಕಾಗಿ ಹೊರಟವರು ಸಾಹಿತ್ಯದ ಬಿಎ ಬದಲು ಬಿಕಾಂ ಮಾಡಿ, ಜೊತೆಗೆ ಭಾಷೆ ಕಲಿಯುವುದೇ ಮೇಲು. ಇದನ್ನು ಮುಚ್ಚಿಟ್ಟು ಯಾರಿಗೂ ಸೀಟು ಕೊಡಿಸಬಾರದು.

ಎಂಎಗೆ ಸ್ಪೇನಿಗೆ ಹೋಗುವ ಆಸೆ ಇದ್ದರೆ ಡಿಗ್ರಿ ಮುಗಿಯುವ ಮೊದಲೇ ತಯಾರಿ ಶುರುಮಾಡಿ. 1218ರಲ್ಲಿ ಶುರುವಾದ ಸಲಮಾಂಕಾ ವಿಶ್ವವಿದ್ಯಾಲಯ ಸೇರಿ ಹಲವು ಕಡೆ ಒಂದು ವರ್ಷದ ಮಾಸ್ಟರ್ಸ್ ಇದೆ, ತರಗತಿ ಸೆಪ್ಟೆಂಬರ್ ಹೊತ್ತಿಗೆ ತೆರೆಯುತ್ತದೆ. ಪಾಸ್‌ಪೋರ್ಟ್ ಎರಡನೇ ವರ್ಷದಲ್ಲೇ ಮಾಡಿಸಿ. ಡಿಗ್ರಿ ಸರ್ಟಿಫಿಕೇಟಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ (ದಾಖಲೆ ವಿದೇಶದಲ್ಲೂ ನಡೆಯಲಿ ಎಂದು ಹಾಕುವುದು), ಅದರ ಮೇಲೆ ಸ್ಪ್ಯಾನಿಷ್‌ಗೆ ಅಧಿಕೃತ ಅನುವಾದ ಬೇಕಾಗುತ್ತದೆ. ಎರಡನೆಯದು ಮಾನ್ಯತೆ ಪಡೆದ ಅನುವಾದಕರಿಂದಲೇ ಆಗಬೇಕು, ನೀವೇ ಮಾಡಿದರೆ ಒಪ್ಪುವುದಿಲ್ಲ, ನಿಮ್ಮ ಸ್ಪ್ಯಾನಿಷ್ ಎಷ್ಟೇ ಚೆನ್ನಾಗಿದ್ದರೂ.